ಕ್ರಿಯಾಟಿನಿನ್ ‘ನಾರ್ಮಲ್’ ಇದ್ದರೂ ಕಿಡ್ನಿ ಸೋತಿರಬಹುದು!

ಅಕ್ಕಲಕೋಟ: ಸಕ್ಕರೆ ಕಾಯಿಲೆ ಬಂದು ಹತ್ತು-ಹನ್ನೆರಡು ವರ್ಷ ಆಗಿರುತ್ತದೆ. ಇನ್ಸುಲಿನ್ ನಡೆದಿರುತ್ತದೆ. ಒಮ್ಮೆಲೇ ಅದೇ ಡೋಸ್‌ಗೆ ಸಕ್ಕರೆ ತಾನಾಗಿಯೇ ಇಳಿಯತೊಡಗುತ್ತದೆ. ‘ಶುಗರ್ ಹೋತ್ರೀ, ಕಷಾಯ ಗುಣ ಮಾಡ್ತು’ ಎಂದು ಮನೆಮಂದಿಗೆ ಖುಷಿ. ಆದರೆ ಇದರ ಹಿಂದೆ ಬೇರೆಯೇ ಕಥೆ ಇರಬಹುದು. ದೇಹದಲ್ಲಿ ಇನ್ಸುಲಿನ್ ಒಡೆದು ಹೊರಹಾಕುವ ಕೆಲಸದಲ್ಲಿ ಮೂತ್ರಪಿಂಡಕ್ಕೂ ದೊಡ್ಡ ಪಾಲಿದೆ. ಅದು ಸೋತರೆ ಚುಚ್ಚಿಕೊಂಡ ಇನ್ಸುಲಿನ್ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಸಕ್ಕರೆ ಇಳಿಯುವುದು ಅದಕ್ಕೆ.

ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ ಇದೆ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತು. ಮಧುಮೇಹಿಗಳಲ್ಲಿ ನೂರಕ್ಕೆ 20ರಿಂದ 40 ಮಂದಿಗೆ ಕಿಡ್ನಿ ತೊಂದರೆ ತಗಲುತ್ತದೆ. ನೋವಿಲ್ಲ, ಉರಿಯಿಲ್ಲ. ಕಾಲಿಗೆ ಬಾವು ಬರುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಮೊದಲೇ ಸುಳಿವು ಕೊಡುವುದು ರಕ್ತ ಮತ್ತು ಮೂತ್ರದ ಪರೀಕ್ಷೆಗಳು ಮಾತ್ರ.

ಒಂದೇ ಅಂಕಿ, ಎರಡು ಅರ್ಥ

ಮೂತ್ರಪಿಂಡ ಎಂಬ ಶಬ್ದ ಕನ್ನಡ, ಮರಾಠಿ ಎರಡರಲ್ಲೂ ಒಂದೇ. ಆದರೆ ರಿಪೋರ್ಟ್ ಬರುವುದು ಇಂಗ್ಲಿಷಿನಲ್ಲಿ. ಅದರಲ್ಲಿ ಎಲ್ಲರೂ ಹುಡುಕುವುದು ಕ್ರಿಯಾಟಿನಿನ್. ಇದು ಸ್ನಾಯುಗಳಿಂದ ಹುಟ್ಟುವ ಕಸ, ಕಿಡ್ನಿ ಸೋಸಿ ಹೊರಹಾಕಬೇಕು. ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವವರೆಗೂ ಈ ಅಂಕಿ ನಾರ್ಮಲ್ ಗೆರೆಯೊಳಗೇ ಉಳಿಯಬಹುದು, ತೊಡಕು ಇರುವುದೇ ಇಲ್ಲಿ.

ಲೆಕ್ಕ ನೋಡಿ. 30 ವರ್ಷದ ಗಂಡಾಳಿನ ಕ್ರಿಯಾಟಿನಿನ್ 1.2. 65 ವರ್ಷದ ಅಜ್ಜಿಯದೂ 1.2. ವಯಸ್ಸು, ಲಿಂಗ ಸೇರಿಸಿ 2021ರ ಸೂತ್ರದಿಂದ ‘ಇ-ಜಿಎಫ್‌ಆರ್’ ತೆಗೆದರೆ ಹುಡುಗನಿಗೆ 83, ಅಜ್ಜಿಗೆ 50. ಇದು ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತದ್ರವ ಸೋಸುತ್ತದೆ ಎಂಬ ಅಂದಾಜು. 60ಕ್ಕಿಂತ ಕಡಿಮೆ ಮೂರು ತಿಂಗಳು ಉಳಿದರೆ ಅದು ದೀರ್ಘಕಾಲದ ಕಿಡ್ನಿ ರೋಗ. ಗಂಡಸು, ಹೆಂಗಸರಿಗೆ ಒಂದೇ ಗೆರೆ ಅಚ್ಚಾಗಿದ್ದರೆ ಅಜ್ಜಿಯ ರಿಪೋರ್ಟಿನಲ್ಲಿ ಕೆಂಪು ಗುರುತೂ ಇರುವುದಿಲ್ಲ. ‘ಸಗಳಂ ನಾರ್ಮಲ್ ಆಹೆ’ ಅಂದುಕೊಂಡು ಮನೆಗೆ ಹೋಗುತ್ತಾಳೆ.

ಒಣಕಲು ಮೈಯವರಿಗೆ ಇನ್ನೊಂದು ಪೇಚು. ಸ್ನಾಯು ಕಡಿಮೆ ಇದ್ದರೆ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹೀಗಾಗಿ ಕಿಡ್ನಿ ಇದ್ದುದಕ್ಕಿಂತ ಚಲೋ ಕಾಣುತ್ತದೆ. ಇಂಥವರಿಗೆ ‘ಸಿಸ್ಟಾಟಿನ್-ಸಿ’ ಎಂಬ ರಕ್ತ ಪರೀಕ್ಷೆ ನೆರವಿಗೆ ಬರುತ್ತದೆ. ಇದು ದೇಹದ ಬಹುತೇಕ ಎಲ್ಲ ಜೀವಕೋಶಗಳಿಂದ ಹುಟ್ಟುವ ಪ್ರೋಟೀನ್, ಸ್ನಾಯುವಿನ ಹಂಗು ಕಡಿಮೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಹೆಚ್ಚು ಸರಿ ಎಂಬುದು 2024ರ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯ ಮಾತು. ಥೈರಾಯ್ಡ್ ತೊಂದರೆ ಇದ್ದರೆ, ಸ್ಟಿರಾಯ್ಡ್ ಗುಳಿಗೆ ನಡೆದಿದ್ದರೆ ಇದೂ ಏರುಪೇರಾಗುತ್ತದೆ.

ಇನ್ನೂ ಮುಂದಿನ ಪರೀಕ್ಷೆಗಳೂ ಇವೆ. ಟಿಎನ್ಎಫ್ ರಿಸೆಪ್ಟರ್ 1, 2 ಮತ್ತು ಕಿಮ್-1 ಎಂಬ ಮೂರು ಗುರುತುಗಳನ್ನು ಅಳೆದು, ಯಾರ ಕಿಡ್ನಿ ಬೇಗ ಕೆಡಬಹುದು ಎಂದು ಹೇಳುವ ಪರೀಕ್ಷೆಗೆ 2023ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ನಮ್ಮ ತಾಲ್ಲೂಕಿನ ಮಾತು ಅದಲ್ಲ ಬಿಡಿ.

ಮೂತ್ರವೂ ಕೊಡಬೇಕು

ರಕ್ತ ಕೊಟ್ಟರೆ ಸಾಕು ಎಂಬ ತಿಳಿವಳಿಕೆ ಬಹಳ ಮಂದಿಗೆ. ಆದರೆ ಮಧುಮೇಹದಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಮೂತ್ರದಲ್ಲಿ ಸೋರುವ ಅಲ್ಬುಮಿನ್. ‘ಎಸಿಆರ್’ ಪರೀಕ್ಷೆಯಲ್ಲಿ 30ರ ಮೇಲೆ ಬಂದರೆ ಎಚ್ಚರ, 300 ದಾಟಿದರೆ ತೀವ್ರ. ಜ್ವರ ಇದ್ದಾಗ, ಮೂತ್ರದ ಸೋಂಕು ಇದ್ದಾಗ ಅಂಕಿ ಸುಳ್ಳೇ ಏರುತ್ತದೆ. ಅದಕ್ಕೆ ಮತ್ತೊಮ್ಮೆ ಮಾಡಿಸಬೇಕು. ಟೈಪ್-2 ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆ ರಕ್ತ, ಮೂತ್ರ ಎರಡೂ ಕೊಡಬೇಕು ಎಂಬುದು ನಿಯಮ.

ಬೇಗ ಸಿಕ್ಕರೆ ದಾರಿ ಇದೆ. ಬಿಪಿಯ ಕೆಲವು ಗುಳಿಗೆಗಳು ಸೋರಿಕೆ ತಗ್ಗಿಸುತ್ತವೆ. ಡಾಪಾಗ್ಲಿಫ್ಲೋಜಿನ್ ಕಿಡ್ನಿ ಕೆಡುವ ವೇಗ ತಗ್ಗಿಸುತ್ತದೆ ಎಂದು 2020ರ ದೊಡ್ಡ ಅಧ್ಯಯನ ತೋರಿಸಿತು. ಅದೇ ವರ್ಷ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಅಗ್ಗದ ಗುಳಿಗೆಗಳು ಬಂದವು. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು. ಹೊಲದ ಕೆಲಸ ಮಾಡಿ ಮೈಕೈ ನೋವೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್ ಮಾತ್ರ ಸೋತ ಕಿಡ್ನಿಗೆ ವೈರಿ.

ತಡವಾದರೆ ಡಯಾಲಿಸಿಸ್. 2016ರಿಂದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಲ್ಲಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಇದು ಉಚಿತ. ಆದರೆ ವಾರಕ್ಕೆ ಎರಡು-ಮೂರು ಸಲ, ಸಲಕ್ಕೆ ನಾಲ್ಕು ತಾಸು ಮಲಗಬೇಕು. ಅಕ್ಕಲಕೋಟದಿಂದ ಸೋಲಾಪುರಕ್ಕೆ ಸುಮಾರು 40 ಕಿ.ಮೀ., ದುಧನಿಯವರಿಗೆ ಇನ್ನೂ ದೂರ. ಜೊತೆಗೊಬ್ಬರು ಬೇಕು. ಅವತ್ತಿನ ಅವರ ಕೂಲಿಯೂ ಹೋಗುತ್ತದೆ.