ನೆಮ್ಮದಿಯ ದುಡಿಮೆಗೆ ಉಕ್ಕಿನ ಊರಿನ ಪಾಠ

ನೌಕರರ ನೆಮ್ಮದಿ ಸಂಬಳವೊಂದರಿಂದಲೇ ಬರುವುದಿಲ್ಲ. ಕೆಲಸದ ವೇಳೆ, ಆರೋಗ್ಯ, ರಜೆ, ಆಡಿದ ಮಾತಿಗೆ ಸಿಗುವ ಬೆಲೆ ಎಲ್ಲವೂ ಸೇರಿ ಅದನ್ನು ರೂಪಿಸುತ್ತವೆ. ಇದಕ್ಕೆ ನಮ್ಮ ದೇಶದ ಹಳೆಯ ನಿದರ್ಶನ ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ.

ಅಲ್ಲಿ 1912ರಲ್ಲೇ ಎಂಟು ಗಂಟೆಗಳ ಪಾಳಿ ಬಂತು. ವಾರಕ್ಕೆ 48 ಗಂಟೆಗಳ ಮಿತಿ ಹಾಕಿದ ಕಾರ್ಖಾನೆ ಕಾಯ್ದೆ ಬಂದದ್ದು 1948ರಲ್ಲಿ. ಕರಗಿದ ಕಬ್ಬಿಣ ಕೆಂಡದ ಹೊಳೆಯಾಗಿ ಹರಿಯುವ ಕುಲುಮೆಯ ಮುಂದೆ ದಣಿದ ಕಣ್ಣು ಅರೆಕ್ಷಣ ಮುಚ್ಚಿದರೂ ಜೀವಕ್ಕೆ ಅಪಾಯ. ಅಂಥಲ್ಲಿ ವಿಶ್ರಾಂತಿಯೇ ಮೊದಲ ರಕ್ಷಣೆ. 1915ರಲ್ಲಿ ಉಚಿತ ವೈದ್ಯಕೀಯ ನೆರವು, 1920ರಲ್ಲಿ ಸಂಬಳಸಹಿತ ರಜೆ ಮತ್ತು ಭವಿಷ್ಯ ನಿಧಿ, 1928ರಲ್ಲಿ ಹೆರಿಗೆ ಸೌಲಭ್ಯ, 1934ರಲ್ಲಿ ಲಾಭದ ಪಾಲಿನ ಬೋನಸ್ ಸೇರಿಕೊಂಡವು.

ಸವಲತ್ತುಗಳಿದ್ದರೆ ಸಾಲದು, ವಿಶ್ವಾಸವೂ ಬೇಕು. 1928ರಲ್ಲಿ ಅಲ್ಲಿಯೇ ತಿಂಗಳುಗಟ್ಟಲೆ ಮುಷ್ಕರ ನಡೆದು, ಸುಭಾಷ್‌ಚಂದ್ರ ಬೋಸರು ಕಾರ್ಮಿಕರ ಪರ ಮಾತುಕತೆಗೆ ಇಳಿದರು. ಮುಂದೆ 1956ರಲ್ಲಿ ಕಂಪನಿ ಮತ್ತು ಕಾರ್ಮಿಕ ಸಂಘದ ನಡುವೆ ಆದ ಒಪ್ಪಂದವು ಆಡಳಿತ ಮತ್ತು ಕಾರ್ಮಿಕರು ಒಟ್ಟಿಗೆ ಕೂತು ಸಮಾಲೋಚಿಸುವ ಜಂಟಿ ಸಮಿತಿಗಳಿಗೆ ದಾರಿ ಮಾಡಿತು.

ಕಾರ್ಖಾನೆಯಿರಲಿ, ಕಚೇರಿಯಿರಲಿ, ತತ್ವ ಒಂದೇ: ದುಡಿಯುವವರ ದೇಹಕ್ಕೆ ವಿಶ್ರಾಂತಿ, ನಾಳೆಗೆ ಭದ್ರತೆ, ಮಾತಿಗೆ ಮನ್ನಣೆ ಸಿಗಬೇಕು.