ಹೊಂಡಕ್ಕೆ ಔಷಧಿ ಸುರಿಯುವ ಮುಂಚೆ ಸೊಳ್ಳೆಯ ಫೋಟೋ ತೆಗೆಯಿರಿ

ಹೋದ ಮಳೆಗಾಲದಲ್ಲಿ ನಮ್ಮಮ್ಮನಿಗೆ ಡೆಂಗಿ ಬಂತು. ಐದು ದಿನ ಆಸ್ಪತ್ರೆಯಲ್ಲಿದ್ದರು. ಆ ಐದೂ ದಿನ ಮನೆಯಲ್ಲಿ ಎಲ್ಲರೂ ಬೈದಿದ್ದು ಒಂದನ್ನೇ: ಅಡಿಕೆ ತೋಟದ ಮೇಲ್ಗಡೆ ನಾನು ಹಟ ಹಿಡಿದು ಮಾಡಿಸಿದ್ದ ಕೃಷಿ ಹೊಂಡ.

"ನೀರು ನಿಂತಲ್ಲಿ ಸೊಳ್ಳೆ ಅಂತ ಆವಾಗ್ಲೇ ಹೇಳಿದ್ದೆ. ಒಂದಿಷ್ಟು ಔಷಧಿ ಸುರಿದುಬಿಡೋ ಅದಕ್ಕೆ" ಅಂದರು ಅಪ್ಪ. ತೋಟಕ್ಕೆ ಹೊಡೆದು ಉಳಿದಿದ್ದ ಕೀಟನಾಶಕದ ಬಾಟಲಿ ಕೊಟ್ಟಿಗೆ ಅಟ್ಟದಲ್ಲೇ ಇತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಅದನ್ನು ಕೆಳಗಿಳಿಸಿದ್ದೆ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಕಾಲಿಗೆ ಒಂದು ಕಚ್ಚಿತು. ಹೊಡೆಯೋಕೆ ಹೋದೆ, ಹಾರಿ ಸುಣ್ಣದ ಗೋಡೆ ಮೇಲೆ ಕೂತಿತು. ಎಲೆ ಮೇಲಿನ ನುಸಿ ನೋಡೋಕೆ ಅಂತ ತರಿಸಿದ್ದ ಕ್ಲಿಪ್ ಲೆನ್ಸ್ ಜೇಬಿನಲ್ಲಿತ್ತು. ಮೊಬೈಲಿಗೆ ಸಿಕ್ಕಿಸಿ ಫೋಟೋ ತೆಗೆದೆ. ದೊಡ್ಡದು ಮಾಡಿ ನೋಡಿದರೆ ಕಪ್ಪು ಮೈ, ಕಾಲಿಗೆ ಬೆಳ್ಳಿ ಬಳೆ ತೊಟ್ಟ ಹಾಗೆ ಬಿಳಿ ಪಟ್ಟಿ, ಬೆನ್ನ ನಡುವೆ ಒಂದೇ ಒಂದು ಬಿಳಿ ಗೆರೆ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದ ಮೇಲೆ ಹೆಸರು ಸಿಕ್ಕಿತು: ಈಡಿಸ್ ಆಲ್ಬೊಪಿಕ್ಟಸ್, ಅಂದರೆ ಹುಲಿ ಸೊಳ್ಳೆ. ಡೆಂಗಿ, ಚಿಕುನ್‌ಗುನ್ಯ ಹರಡುವ ಜಾತಿ. ಇದಕ್ಕೆ ಹೊಂಡ ಬೇಕಾಗಿಯೇ ಇಲ್ಲ, ತೆಂಗಿನ ಚಿಪ್ಪಿನಷ್ಟು ನೀರು ಸಾಕು.

ಬಾಟಲಿ ವಾಪಸ್ ಅಟ್ಟಕ್ಕೆ ಹೋಯಿತು. ಹುಡುಕಬೇಕಾಗಿದ್ದು ಬೇರೆ ನೀರನ್ನು.

ಮೂರು ಸೊಳ್ಳೆ, ಮೂರು ನೀರು

ಎಲ್ಲ ಸೊಳ್ಳೆಯೂ ಒಂದೇ ಅಂದುಕೊಂಡರೆ ಕೆಲಸ ಕೆಡುತ್ತದೆ. ನಮಗೆ ಮುಖ್ಯವಾಗಿ ಗೊತ್ತಿರಬೇಕಾದದ್ದು ಮೂರು ಗುಂಪು.

ಈಡಿಸ್: ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟಿ. ಬೆನ್ನಿಗೆ ಒಂದೇ ಗೆರೆ ಇದ್ದರೆ ಹುಲಿ ಸೊಳ್ಳೆ. ಎರಡೂ ಪಕ್ಕ ಬಾಗಿದ ಗೆರೆ ಇದ್ದರೆ ಪೇಟೆಗಳಲ್ಲಿ ಹೆಚ್ಚಾಗಿರುವ ಈಡಿಸ್ ಈಜಿಪ್ಟೈ. ಕಚ್ಚುವುದು ಹಗಲು ಹೊತ್ತಿನಲ್ಲಿ, ಹಾಗಾಗಿ ರಾತ್ರಿ ಕಟ್ಟುವ ಸೊಳ್ಳೆ ಪರದೆ ಒಂದೇ ಸಾಲದು. ಅಡಿಕೆ ಹಾಳೆ, ಚಿಪ್ಪು, ರಬ್ಬರ್ ಹಾಲಿನ ಕಪ್ಪು, ಹಳೇ ಟೈರು, ಡ್ರಮ್ಮು, ಟಾರ್ಪಾಲಿನ ಮಡಿಕೆ, ಎಲ್ಲ ಇದರ ಬಾಣಂತಿ ಕೋಣೆ.

ಅನಾಫಿಲಿಸ್: ಗೋಡೆ ಮೇಲೆ ತಲೆ ತಗ್ಗಿಸಿ, ಹಿಂಭಾಗ ಎತ್ತಿ, ಓರೆಯಾಗಿ ಕೂರುತ್ತದೆ. ರೆಕ್ಕೆ ಮೇಲೆ ಸಾಮಾನ್ಯವಾಗಿ ಕಪ್ಪು-ಬಿಳಿ ಚುಕ್ಕೆ. ಮಲೇರಿಯಾ ಹರಡುವುದು ಇದು. ಬಾವಿ, ಟ್ಯಾಂಕು, ನಿಧಾನವಾಗಿ ಹರಿಯುವ ಕಾಲುವೆಯಂಥ ಸ್ವಲ್ಪ ಶುದ್ಧ ನೀರಲ್ಲಿ ಮರಿ ಮಾಡುತ್ತದೆ.

ಕ್ಯೂಲೆಕ್ಸ್: ಕಂದು ಬಣ್ಣ, ಗೂನು ಬೆನ್ನು, ಗೋಡೆಗೆ ಸಮಾನಾಂತರವಾಗಿ ಕೂರುತ್ತದೆ. ರಾತ್ರಿ ಕಿವಿ ಹತ್ರ ಗುಂಯ್‌ಗುಡೋದು ಹೆಚ್ಚಾಗಿ ಇದೇ. ಒಂದು ಜಾತಿ ಬಚ್ಚಲು ಗುಂಡಿ, ಚರಂಡಿಯಲ್ಲಿ ಹುಟ್ಟಿ ಆನೆಕಾಲು ರೋಗ ಹರಡುತ್ತದೆ. ಗದ್ದೆ ನೀರಲ್ಲಿ ಹುಟ್ಟುವ ಇದರ ನೆಂಟರು ಮಿದುಳು ಜ್ವರ, ಅಂದರೆ ಜಪಾನೀಸ್ ಎನ್‌ಸೆಫಲೈಟಿಸ್ ಹರಡಬಲ್ಲವು. ಹಂದಿ ಮತ್ತು ಬೆಳ್ಳಕ್ಕಿಯಂಥ ನೀರು ಹಕ್ಕಿಗಳಿಂದ ಆ ವೈರಸ್ ಸೊಳ್ಳೆಗೆ ಬರುತ್ತದೆ. ಹಂದಿ ಸಾಕುವವರು ಗೂಡನ್ನು ಮನೆಯಿಂದ, ಗದ್ದೆಯಿಂದ ದೂರ ಇಡಿ.

ಫೋಟೋ ತೆಗೆಯೋದು ಹೇಗೆ?

ಕೆಲವು ನೂರು ರೂಪಾಯಿಯ ಕ್ಲಿಪ್ ಮ್ಯಾಕ್ರೋ ಲೆನ್ಸ್ ಸಾಕು. ಹೊಸ ಫೋನುಗಳಲ್ಲಿ ಮ್ಯಾಕ್ರೋ ಮೋಡ್ ಇದ್ದರೆ ಅದೂ ನಡೆಯುತ್ತದೆ. ಬ್ಯಾಟಿನಲ್ಲಿ ಸುಟ್ಟ ಸೊಳ್ಳೆ, ಕೈಯಲ್ಲಿ ಜಜ್ಜಿದ ಸೊಳ್ಳೆ ಗುರುತಿಸಲು ಬರುವುದಿಲ್ಲ. ಬೆಳಿಗ್ಗೆ ಬಚ್ಚಲ ಮೂಲೆ, ಪರದೆ ಹಿಂದೆ, ನೇತುಹಾಕಿದ ಬಟ್ಟೆ ಹತ್ತಿರ ಹುಡುಕಿ.

ನೆರಳು ಬೀಳದ ಹಾಗೆ ಪಕ್ಕದಿಂದ ನಿಧಾನ ಹೋಗಿ. ಉಸಿರು ಬಿಗಿ ಹಿಡಿಯಿರಿ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅದು ದೂರದಿಂದಲೇ ಗುರುತಿಸುತ್ತದೆ. ಮೊಣಕೈ ಗೋಡೆಗೆ ಊರಿ. ಕ್ಲಿಪ್ ಲೆನ್ಸಿಗೆ ಫೋಕಸ್ ಸಿಗುವುದು ಎರಡು-ಮೂರು ಸೆಂಟಿಮೀಟರಿನಲ್ಲಿ, ಆದ್ದರಿಂದ ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಒಂದರ ಹಿಂದೆ ಒಂದು ಹತ್ತಿಪ್ಪತ್ತು ಫೋಟೋ ತೆಗೆಯಿರಿ. ಒಂದಾದರೂ ಚೆನ್ನಾಗಿ ಬರುತ್ತದೆ. ಕೂತ ಭಂಗಿಗೆ ಪಕ್ಕದಿಂದ ಒಂದು, ಬೆನ್ನಿನ ಗೆರೆಗೆ ಮೇಲಿಂದ ಒಂದು, ಕಾಲಿನ ಪಟ್ಟಿಗೆ ಒಂದು. ಓಡಿಹೋಗುತ್ತೆ ಅನ್ನಿಸಿದರೆ ಗಾಜಿನ ಲೋಟ ಮುಚ್ಚಿ, ಕೆಳಗೆ ಕಾಗದ ತೂರಿಸಿ, ಕೆಲವು ನಿಮಿಷ ಫ್ರಿಜ್ಜಿನಲ್ಲಿಡಿ. ಚಳಿಗೆ ಮಂಕಾಗಿ ಸುಮ್ಮನೆ ಕೂರುತ್ತದೆ. ಚೆಂದದ ಫೋಟೋ ಆಸೆಗೆ ಕೈ ಒಡ್ಡಿ ಕಚ್ಚಿಸಿಕೊಳ್ಳಬೇಡಿ ಮಾತ್ರ.

ಮರಿಹುಳದ ಫೋಟೋ ಇನ್ನೂ ಸುಲಭ. ನೀರನ್ನು ಬಿಳಿ ಬಟ್ಟಲಿಗೆ ಹಾಕಿ ಹತ್ತು ಸೆಕೆಂಡ್ ವಿಡಿಯೋ ಮಾಡಿ. ನೀರಿನ ಮೇಲ್ಮೈಗೆ ಅಂಟಿದ ಹಾಗೆ ಅಡ್ಡ ಮಲಗಿದ್ದರೆ ಅನಾಫಿಲಿಸ್. ಬಾಲದ ಉಸಿರು ಕೊಳವೆ ಮೇಲಿಟ್ಟು ತಲೆಕೆಳಗಾಗಿ ನೇತಾಡುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್.

ನಮ್ಮ ತೋಟದಲ್ಲಿ ಸಿಕ್ಕಿದ್ದು

ಬಟ್ಟಲು ಹಿಡಿದು ಮೊದಲು ಹೋಗಿದ್ದು ಹೊಂಡಕ್ಕೇ. ಐದಾರು ಕಡೆ ಮೊಗೆದರೂ ಒಂದು ಸೊಳ್ಳೆ ಮರಿ ಸಿಗಲಿಲ್ಲ. ಸಿಕ್ಕಿದ್ದು ಕೊಡತಿಕೀಟದ ಮರಿ, ಬೆನ್ನ ಮೇಲೆ ಈಜುವ ನೀರುತಿಗಣೆ, ಸಣ್ಣ ಮೀನು. ಸೊಳ್ಳೆ ಮರಿ ತಿಂದು ಬದುಕುವವರು ಇವರೇ. ಅವತ್ತು ಔಷಧಿ ಸುರಿದಿದ್ದರೆ ಸಾಯುತ್ತಿದ್ದುದು ನಮ್ಮ ಕೂಲಿಯಿಲ್ಲದ ಕಾವಲುಗಾರರು. ದನ ಕುಡಿಯುವ ನೀರೂ ವಿಷವಾಗುತ್ತಿತ್ತು.

ಆಮೇಲೆ ತೋಟದಲ್ಲಿ ಬಿದ್ದಿದ್ದ ಹಾಳೆ ಎತ್ತಿ ನೋಡಿದೆ. ದೋಣಿಯ ಹಾಗೆ ನೀರು ತುಂಬಿಕೊಂಡಿದ್ದವು, ಹೆಚ್ಚಿನವುಗಳಲ್ಲಿ ಮರಿ ಕುಣಿಯುತ್ತಿದ್ದವು. ಬೋರ್ಡೋ ಕಲಸಲು ನೀರು ತುಂಬಿಟ್ಟಿದ್ದ ಡ್ರಮ್ಮಿನಲ್ಲೂ ಅದೇ ಕಥೆ. ಅಪ್ಪನಿಗೆ ವಿಡಿಯೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಾಳೆ ಹೆಕ್ಕೋದು ನನ್ ಕೆಲ್ಸ ಆಗಿತ್ತು" ಅಂದರು. ಮತ್ತೆ ಹೊಂಡದ ಮಾತು ಎತ್ತಲಿಲ್ಲ.

ಈಗ ಮಾಡುತ್ತಿರುವುದು ಇಷ್ಟು. ಬಿದ್ದ ಹಾಳೆ ಆವಾಗಾವಾಗಲೇ ಹೆಕ್ಕಿ ಮಳೆ ತಾಗದ ಕಡೆ ಒಟ್ಟುತ್ತೇವೆ. ಹಾಳೆ ತಟ್ಟೆ ಮಾಡುವವರಿಗೆ ಕೊಟ್ಟರೆ ನಾಲ್ಕು ಕಾಸೂ ಆಗುತ್ತದೆ. ಡ್ರಮ್ಮಿಗೆ ಬಟ್ಟೆ ಕಟ್ಟುತ್ತೇವೆ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೆ ತಿಕ್ಕುತ್ತೇವೆ. ತಿಕ್ಕುವುದು ಮುಖ್ಯ. ಈಡಿಸ್ ಮೊಟ್ಟೆ ನೀರಿನ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಏಳರಿಂದ ಹತ್ತು ದಿನ, ಅದಕ್ಕೇ ವಾರದ ಲೆಕ್ಕ. ಈಡಿಸ್ ಹೆಚ್ಚು ದೂರ ಹಾರುವುದಿಲ್ಲ, ಸಾಮಾನ್ಯವಾಗಿ ನೂರಿನ್ನೂರು ಮೀಟರ್. ನಿಮ್ಮ ಮನೆಯಲ್ಲಿ ಕಚ್ಚಿದ್ದು ನಿಮ್ಮ ಅಥವಾ ಪಕ್ಕದ ಮನೆಯ ಅಂಗಳದಲ್ಲೇ ಹುಟ್ಟಿರುವುದು ಹೆಚ್ಚು.

ಗದ್ದೆಯವರು ಸದಾ ನೀರು ನಿಲ್ಲಿಸುವ ಬದಲು ನಡುನಡುವೆ ಆರಲು ಬಿಡಿ. ನೀರೂ ಉಳಿಯುತ್ತದೆ, ಮರಿಯೂ ಸಾಯುತ್ತದೆ. ಹೊಂಡದ ಅಂಚಿನ ಹುಲ್ಲು, ಪಾಚಿ ತೆಗೆಯುತ್ತಿರಿ. ಗಪ್ಪಿ ಮೀನು ಬಿಡುವುದಾದರೆ ತೊಟ್ಟಿ, ಟ್ಯಾಂಕಿಗೆ ಸಾಕು; ಹಳ್ಳ, ಕೆರೆಗೆ ಬಿಡಬೇಡಿ, ಹೊರಗಿನ ಮೀನು ನಮ್ಮ ಮೀನುಗಳ ಜಾಗ ಕಸಿಯುತ್ತದೆ.

ನೀರು ಚೆಲ್ಲುವ ಈ ಪಾಠ ಹೊಸದೇನಲ್ಲ. 1883ರಲ್ಲಿ ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದ ರೊನಾಲ್ಡ್ ರಾಸ್, ಕಿಟಕಿ ಹೊರಗಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಕಂಡು ಅದನ್ನು ಮಗುಚಿಸಿದಾಗ ಬಂಗಲೆಯಲ್ಲಿ ಕಾಟ ತಗ್ಗಿತು. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಕಂಡುಹಿಡಿದರು. ಆಗಸ್ಟ್ 20 ಈಗ ವಿಶ್ವ ಸೊಳ್ಳೆ ದಿನ.

ಎರಡು ಎಚ್ಚರಿಕೆ

ಫೋಟೋ ಹೇಳುವುದು ಜಾತಿಯನ್ನು ಮಾತ್ರ, ಅದರೊಳಗೆ ವೈರಸ್ ಇದೆಯೋ ಇಲ್ಲವೋ ಅನ್ನುವುದನ್ನಲ್ಲ. ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಅನುಮಾನ ಇದ್ದಾಗ ಅಂಗಡಿಯಿಂದ ತಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನೊಂದು, ಸೊಳ್ಳೆ ಕಂಡ ಕೂಡಲೇ ಎಲ್ಲವೂ ಶತ್ರು ಅಂದುಕೊಳ್ಳಬೇಡಿ. ಕಚ್ಚುವುದು ಹೆಣ್ಣು ಮಾತ್ರ. ಗರಿಯಂಥ ಮೀಸೆಯ ಗಂಡು ಸೊಳ್ಳೆ ಹೂವಿನ ರಸ ಕುಡಿದು ಬದುಕುತ್ತದೆ. ಕಾಡಂಚಿನ ತೋಟದಲ್ಲಿ ನೀಲಿ-ಹಸಿರು ಹೊಳೆಯುವ, ಸೊಂಡಿಲು ಬಾಗಿದ ದೊಡ್ಡ ಸೊಳ್ಳೆ ಕಂಡರೆ ಅದು ಟಾಕ್ಸೊರಿಂಕೈಟಿಸ್. ಅದು ರಕ್ತ ಮುಟ್ಟುವುದೇ ಇಲ್ಲ, ಅದರ ಮರಿ ಬೇರೆ ಸೊಳ್ಳೆಗಳ ಮರಿಯನ್ನು ತಿನ್ನುತ್ತದೆ. ಅದನ್ನು ಫೋಟೋ ತೆಗೆದು ಬಿಟ್ಟುಬಿಡಿ.

ಮಲೆನಾಡಲ್ಲಿ ಸೊಳ್ಳೆ ಪೂರ್ತಿ ಇಲ್ಲದ ಮನೆ ಆಗದ ಮಾತು. ಸಂಜೆ ಕೊಟ್ಟಿಗೆಗೆ ಲಕ್ಕಿ ಸೊಪ್ಪಿನ ಹೊಗೆ ಈಗಲೂ ಹಾಕುತ್ತೇವೆ. ಆದರೆ ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಬಿಳಿ ಬಟ್ಟಲು ಹಿಡಿದು ಒಂದು ಸುತ್ತು ಹೋಗುವುದು ತಪ್ಪಿಸುವುದಿಲ್ಲ. ಅಮ್ಮನೂ ಬರುತ್ತಾರೆ. ಹೋದ ವಾರ ಬಾಳೆ ಬುಡದಲ್ಲಿ ಮರೆತಿದ್ದ ಐಸ್‌ಕ್ರೀಮ್ ಡಬ್ಬಿಯನ್ನು ನನಗಿಂತ ಮೊದಲು ಕಂಡವರು ಅವರೇ.