ಮನೆಯೊಳಗಣ ಮರಗೆಲಸವೂ ಕಣ್ಣಿಗೆ ಕಾಣದ ಹುಡಿಯೂ

ಚನ್ನಪಟ್ಟಣದ ಎಷ್ಟೋ ಮನೆಗಳಲ್ಲಿ ಆಲೆಮರವನ್ನು ಕಡೆದು ಬೊಂಬೆ ಮಾಡುವ ಲೇತ್ ಯಂತ್ರವು ವಾಸದ ಕೋಣೆಯ ಮಗ್ಗುಲಲ್ಲಿಯೇ ಇರುತ್ತದೆ. ಅಲ್ಲಿ ಏಳುವ ಹುಡಿಯನ್ನು ನಾವು ಬರಿಯ ಕಸವೆಂದು ಎಣಿಸುತ್ತೇವೆ. ಆದರೆ ಅದು ಕಸವಷ್ಟೇ ಅಲ್ಲ.

ಉಳಿಯಿಂದ ಉದುರುವ ದಪ್ಪ ಹೊಟ್ಟು ಬೇಗನೆ ನೆಲ ಸೇರುತ್ತದೆ. ಉಪ್ಪುಕಾಗದದಿಂದ ಉಜ್ಜುವಾಗ ಹೊಮ್ಮುವ ನವುರಾದ ಹುಡಿಯೇ ಹೆಚ್ಚು ಅಪಾಯಕಾರಿ. ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣದಾದ, 10 ಮೈಕ್ರಾನಿಗೂ ಕಿರಿದಾದ ಕಣಗಳು ಉಸಿರಿನೊಡನೆ ಶ್ವಾಸಕೋಶವನ್ನು ಹೊಗುತ್ತವೆ. ಅವುಗಳಲ್ಲಿ ಅತಿ ಸೂಕ್ಷ್ಮವಾದವು ಕೆಲಸ ನಿಂತ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ. ಕೆಮ್ಮು, ಉಬ್ಬಸಗಳಿಗೆ ಇದು ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರ ತನ್ನ ಪ್ರಕಟಣೆಯಲ್ಲಿ, ಮರದ ಹುಡಿಯು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದೆಂದು ಸಾರಿದೆ.

ಹುಡಿಯನ್ನು ಹುಟ್ಟುವಲ್ಲಿಯೇ ಹಿಡಿಯುವುದು ಮೊದಲ ಉಪಾಯ. ಯಂತ್ರದ ಬಳಿ ಹೀರುಕೊಳವೆಯನ್ನು ಅಳವಡಿಸುವುದು ಉತ್ತಮ. ಅದು ಸಾಧ್ಯವಾಗದಿದ್ದರೆ ಕಿಟಕಿಯಲ್ಲಿ ಗಾಳಿಯನ್ನು ಹೊರಕ್ಕೆ ತಳ್ಳುವ ಫ್ಯಾನ್ ಇಟ್ಟು, ಎದುರಿನ ಬಾಗಿಲನ್ನು ತೆರೆದಿರಬೇಕು. ಆ ಕಿಟಕಿಯು ನೆರೆಮನೆಯ ಕಡೆಗೆ ಇರಬಾರದು. ಒಣಪೊರಕೆಯಿಂದ ಗುಡಿಸಿದರೆ ಕೆಳಗಿಳಿದ ಹುಡಿ ಮತ್ತೆ ಮೇಲೇಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಲೇಸು. ಮುಖಕ್ಕೆ ಸುತ್ತಿದ ವಸ್ತ್ರವು ಸೂಕ್ಷ್ಮ ಕಣಗಳನ್ನು ತಡೆಯಲಾರದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಖಗವಸನ್ನೇ ಧರಿಸಬೇಕು.

ದುಡಿಯುವವರು ಮುಖಗವಸು ಧರಿಸಿದರೂ ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿಗೆ ಆ ರಕ್ಷಣೆಯಿಲ್ಲ. ಆದ್ದರಿಂದ ಕೆಲಸದ ಉಡುಪನ್ನು ಹೊರಗೆ ಕಳಚಿ, ಕೈಕಾಲು ತೊಳೆದು ಒಳಗೆ ಬರುವ ರೂಢಿಯನ್ನು ನಾವೆಲ್ಲರೂ ಬೆಳೆಸಿಕೊಳ್ಳಬೇಕು. ಅನ್ನ ನೀಡುವ ಕಸುಬು ಮನೆಮಂದಿಯ ಉಸಿರನ್ನು ಕಸಿಯದಂತೆ ನೋಡಿಕೊಳ್ಳುವ ಹೊಣೆ ನಮ್ಮದೇ.